ಕಾಗದದ ಬೆನ್ನಿನ ಮೂರನೆಯ ಸಾಲು

ಅವರ ಬಲಗೈಯ ನಡುಬೆರಳಿನ ಪಕ್ಕದಲ್ಲಿ, ಉಗುರಿನ ಬುಡಕ್ಕೆ ಸ್ವಲ್ಪ ಕೆಳಗೆ, ಕಡಲೆಕಾಳಿನಷ್ಟು ದೊಡ್ಡ ಗಂಟೊಂದಿತ್ತು. ಪೆನ್ನು ಒತ್ತಿ ಒತ್ತಿ ಆದದ್ದು. ಅದರ ಸುತ್ತಲಿನ ಚರ್ಮಕ್ಕೆ ನೀಲಿ ಶಾಯಿ ಎಷ್ಟು ಆಳಕ್ಕೆ ಇಳಿದಿತ್ತೆಂದರೆ ಸಾಬೂನಿಗೂ ಹೋಗದು, ನಿಂಬೆಹುಳಿಗೂ ಹೋಗದು. ನನ್ನ ಮಗಳು ಆಗ ಮೂರನೆಯ ಕ್ಲಾಸು. ಮೊದಲ ದಿನ ಟ್ಯೂಷನ್‌ಗೆ ಕೂತವಳು ಅಕ್ಷರ ಬಿಟ್ಟು ಆ ಗಂಟನ್ನೇ ಮುಟ್ಟಿ, "ಡಸ್ ಇಟ್ ಹರ್ಟ್, ಮಿಸ್?" ಎಂದು ಕೇಳಿದಳು.

"ನೋವೆಲ್ಲ ಇಲ್ಲ ಮಗಾ. ಇದು ನನ್ನ ಮೂವತ್ತು ವರ್ಷದ ಸರ್ವಿಸ್ ಸರ್ಟಿಫಿಕೇಟ್. ಕಳೆದು ಹೋಗುದಿಲ್ಲ, ಅಟೆಸ್ಟೇಶನ್‌ಗೆ ಕಾನ್ಸುಲೇಟಿಗೆ ಓಡುವ ಕೆಲಸವೂ ಇಲ್ಲ," ಎಂದರು ಅವರು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನಗೆ ನಗು ಬಂತು. ಈ ಹೆಂಗಸಿನ ಜೊತೆ ವ್ಯವಹಾರ ಮಾಡುವುದಾದರೆ ಎಚ್ಚರದಿಂದ ಇರಬೇಕು ಎಂದು ಆಗಲೇ ಅನ್ನಿಸಿತ್ತು.

ನಾವು ಅವರನ್ನು ಬಾಯಮ್ಮ ಎನ್ನುತ್ತಿದ್ದೆವು. ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ದುಬೈಯ ಅಲ್ ನಹ್ದಾದ ನಮ್ಮ ಕಟ್ಟಡದಲ್ಲಿ ನಾವು ಐದನೆಯ ಮಾಳಿಗೆ, ಅವರು ಎರಡನೆಯದು. ಊದ್ ಮೇಥಾದ ಒಂದು ಭಾರತೀಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಕೂಡುಬರಹ, ಅಂದರೆ ಕರ್ಸಿವ್, ಅವರ ಹುಚ್ಚು. ಮಕ್ಕಳಿರಲಿಲ್ಲ. ಗಂಡ ಒಂದು ಹೊಟೇಲಿನಲ್ಲಿ ಸ್ಟೋರ್ ಕೀಪರ್. ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಊರಿಗೆ ಒಯ್ಯದೆ ಇಲ್ಲೇ ಜಬಲ್ ಅಲಿಯ ಸ್ಮಶಾನದಲ್ಲಿ ಮಣ್ಣು ಮಾಡಿದ್ದರು. ಯಾಕೆ ಎಂದು ಕೇಳಿದವರಿಗೆ ಬಾಯಮ್ಮ ಹೇಳುತ್ತಿದ್ದುದು ಇಷ್ಟೇ: "ಇಡೀ ಜೀವಮಾನ ಕಾರ್ಗೋ ಇಳಿಸಿ ಹತ್ತಿಸಿದ ಮನುಷ್ಯ ಮಾರಾಯ್ರೆ. ನನ್ನನ್ನು ಮಾತ್ರ ಕಾರ್ಗೋ ಮಾಡ್ಬೇಡ ಅಂತ ಹೇಳಿದ್ರು."

ನನ್ನ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಕಾಪುವಿನ ಕಡೆಯವನು, ತುಳು ಮನೆಮಾತು, ಕನ್ನಡ ಶಾಲೆ. ಗೋದಾಮಿನಲ್ಲಿ ಪೆಟ್ಟಿಗೆ ಹೊರುವವನಾಗಿ ಬಂದು, ಕೊನೆಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಸ್ವಂತ ಗೋದಾಮು ಹಾಕಿದೆ. ಬೇರೆ ಬೇರೆ ಕಂಪನಿಗಳ ಹಳೆಯ ಫೈಲುಗಳನ್ನು ಇಟ್ಟುಕೊಳ್ಳುವುದು, ಕೇಳಿದರೆ ಸ್ಕ್ಯಾನ್ ಮಾಡಿ ಕೊಡುವುದು ನಮ್ಮ ಕೆಲಸ. ಫೈಲು ಎಂದರೆ ನನಗೆ ತೂಕ, ಅಳತೆ, ಶೆಲ್ಫು. ಒಳಗೆ ಏನು ಬರೆದಿದೆ ಎಂಬುದು ನನ್ನ ತಲೆನೋವಲ್ಲ ಎಂದುಕೊಂಡಿದ್ದೆ.

ಹಾಗಿರುವಾಗ ಅಬುಧಾಬಿಯಿಂದ ಒಬ್ಬರು ಅಮೆರಿಕನ್ ಮೇಡಂ ಬಂದರು. ಅಲ್ಲಿ ಯಾವುದೋ ಕಾಲೇಜಿನಲ್ಲಿ ಕೆಲಸ. ಅವರ ಮುತ್ತಜ್ಜನ ತಂದೆ ನೂರೈವತ್ತು ವರ್ಷದ ಹಿಂದೆ ಅಮೆರಿಕದ ಒಂದು ನದಿದಂಡೆಯ ಪಟ್ಟಣಕ್ಕೆ ಮೇಯರ್ ಆಗಿದ್ದರಂತೆ. ಮರದ ವ್ಯಾಪಾರಿಯೂ ಹೌದು. ಅವರ ಕಾಗದಪತ್ರಗಳು ಮೂರು ಟ್ರಂಕು ಇವರ ಪಾಲಿಗೆ ಬಂದಿದ್ದವು. ವ್ಯವಹಾರದ ಕಾಗದಗಳನ್ನು ಆ ಊರಿನ ಗ್ರಂಥಾಲಯಕ್ಕೆ ಕೊಡಬೇಕು, ಮನೆಯವರ ಕಾಗದಗಳನ್ನು ಬೇರೆ ಮಾಡಿ ತಮಗೆ ಕೊಡಬೇಕು, ಎಲ್ಲವನ್ನೂ ಸ್ಕ್ಯಾನ್ ಮಾಡಿ ಟೈಪ್ ಮಾಡಿಸಬೇಕು. ಅಮೆರಿಕದಲ್ಲಿ ಅವರ ತಾಯಿ ಇದ್ದರು, ತೊಂಬತ್ತು ದಾಟಿದವರು. ಆ ಕಾಗದಗಳಲ್ಲಿ ಏನಿದೆ ಎಂದು ಆ ಅಜ್ಜಿ ಜನ್ಮವಿಡೀ ಕೇಳುತ್ತಿದ್ದರಂತೆ, ಮನೆಯಲ್ಲಿ ಯಾರಿಗೂ ಆ ಬರಹ ಓದಲು ಬರುತ್ತಿರಲಿಲ್ಲವಂತೆ.

"ಎಂಟು ತಿಂಗಳಲ್ಲಿ ಮುಗಿಸಿ ಕೊಡುತ್ತೇನೆ," ಎಂದುಬಿಟ್ಟೆ.

ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಬುದ್ಧಿಮಾತು: ಪೆಟ್ಟಿಗೆ ತೆರೆದು ನೋಡುವ ಮೊದಲು ತಾರೀಖು ಹೇಳಬೇಡಿ. ನಾನು ಆಮೇಲೆ ತೆರೆದು ನೋಡಿದೆ. ಒಂದೊಂದು ಅಕ್ಷರವೂ ಗಾಳಿಗೆ ಬಾಗಿದ ಹುಲ್ಲಿನ ಹಾಗೆ ಒಂದೇ ಕಡೆಗೆ ಮಲಗಿತ್ತು. ಕೆಲವು ಕಾಗದಗಳಲ್ಲಿ ಹಾಳೆ ಉಳಿಸಲು ಅಡ್ಡಕ್ಕೆ ಬರೆದು, ಅದೇ ಹಾಳೆಯನ್ನು ತಿರುಗಿಸಿ ಅದರ ಮೇಲೆಯೇ ಉದ್ದಕ್ಕೆ ಬರೆದಿದ್ದರು. ನೋಡಿದರೆ ಮೀನಿನ ಬಲೆ. ನಮ್ಮ ಟೈಪಿಂಗ್ ಹುಡುಗಿಯರು ಒಂದು ವಾರ ಕೂತು ಎರಡು ಪುಟ ಮಾಡಿದರು, ಅದರಲ್ಲೂ ಅರ್ಧ ಪ್ರಶ್ನಾರ್ಥಕ ಚಿಹ್ನೆ.

ಆ ಸಂಜೆ ಊಟದ ಮೇಜಿನಲ್ಲಿ ಹೆಂಡತಿ, "ಬಾಯಮ್ಮ ಊರಿಗೆ ಹೋಗ್ತಾರಂತೆ," ಎಂದಳು. ವಯಸ್ಸಾಯಿತೆಂದು ಶಾಲೆಯವರು ಬೀಳ್ಕೊಟ್ಟಿದ್ದರು. ವೀಸಾ ಕ್ಯಾನ್ಸಲ್ ಆದರೆ ಉಳಿಯಲು ಒಂದು ತಿಂಗಳು. "ಗಂಡನ ಗೋರಿ ಇಲ್ಲಿ ಉಂಟಲ್ಲ, ಅದನ್ನು ಬಿಟ್ಟು ಹೇಗೆ ಹೋಗುದು ಅಂತ ಅವರಿಗೆ ಸಂಕಟ."

ನಾನು ಒಂದು ಕಾಗದದ ಫೋಟೋ ಫೋನಿನಲ್ಲಿ ಹಿಡಿದುಕೊಂಡು ಎರಡನೆಯ ಮಾಳಿಗೆಗೆ ಇಳಿದೆ. ಬಾಯಮ್ಮ ಕನ್ನಡಕ ಏರಿಸಿ ನೋಡಿದರು. ತುಟಿ ಅಲುಗಿತು. ಆಮೇಲೆ ಸರಾಗವಾಗಿ, ವಾಚನಮಾಲೆ ಓದಿದ ಹಾಗೆ, ಇಡೀ ಪುಟ ಓದಿದರು. ಒಬ್ಬ ವಿಧವೆ ತನ್ನ ಬೀದಿಯ ಮೂಲೆಗೆ ಒಂದು ಗ್ಯಾಸ್ ದೀಪ ಬೇಕೆಂದು ಮೇಯರಿಗೆ ಬರೆದದ್ದು. ಕತ್ತಲಲ್ಲಿ ಮೆಟ್ಟಿಲು ಕಾಣದೆ ಬಿದ್ದಳಂತೆ.

"ಇದಕ್ಕೆಲ್ಲ ಅಂತ ಕಷ್ಟ ಇಲ್ಲ," ಎಂದರು. "ನನ್ನ ಅಜ್ಜಿಗೆ ಕೂಡುಬರಹ ಕಲಿಸಿದ ಕಾನ್ವೆಂಟಿನ ಮದರ್‌ಗಳು ಹೀಗೇ ಬರೀತಿದ್ರು."

ಎದುರಿನವರ ಗರಜು ತಿಳಿದಿದ್ದರೆ ಅರ್ಧ ಚೌಕಾಸಿ ಗೆದ್ದ ಹಾಗೆ. ಅವರ ಗರಜು ನನಗೆ ತಿಳಿದಿತ್ತು. "ಬಾಯಮ್ಮ, ನಮ್ಮಲ್ಲಿ ಕೆಲಸಕ್ಕೆ ಬನ್ನಿ. ವೀಸಾ ನಾನು ಮಾಡಿಸ್ತೇನೆ. ಸಂಬಳ ಎಷ್ಟು ಬೇಕು, ನೀವೇ ಹೇಳಿ," ಎಂದೆ.

ಅವರು ನನ್ನನ್ನು ನೋಡಿ ನಕ್ಕರು. "ಧಣಿ, ನೀವು ಇಳಿದು ಬಂದದ್ದು ಲಿಫ್ಟಿನಲ್ಲಿ ಅಲ್ಲ, ಮೆಟ್ಟಿಲಲ್ಲಿ. ಉಸಿರು ಕೇಳ್ತದೆ. ನನಗಿಂತ ನಿಮಗೆ ಅವಸರ ಉಂಟು."

ಅಂದಿನಿಂದ ನಾನು ಅವರಿಗೆ ಧಣಿ. ಅವರ ದನಿಯಲ್ಲಿ ಆ ಪದ ಯಾವತ್ತೂ ಕಾಲು ಭಾಗ ಮರ್ಯಾದೆ, ಮುಕ್ಕಾಲು ಭಾಗ ತಮಾಷೆ.

"ಸಂಬಳ ನಿಮಗೆ ಕಂಡ ಹಾಗೆ ಕೊಡಿ. ನಿಮ್ಮ ವ್ಯಾನ್ ಗೋದಾಮಿನಿಂದ ವಾಪಸ್ ಬರುವಾಗ ಗುರುವಾರ ಗುರುವಾರ ಜಬಲ್ ಅಲಿಯ ಸಿಮೆಟ್ರಿಯಲ್ಲಿ ಹದಿನೈದು ನಿಮಿಷ ನಿಲ್ಲಬೇಕು. ಅಷ್ಟೇ."

"ಅಷ್ಟೇಯಾ?"

"ಊರಲ್ಲಿ ಗೋರಿಯ ಮೇಲೆ ಹುಲ್ಲು ಬರ್ತದೆ ಧಣಿ. ಇಲ್ಲಿ ಮರಳು ಬರ್ತದೆ. ಎರಡು ವಾರ ಬಿಟ್ರೆ ಹೆಸರೇ ಕಾಣುದಿಲ್ಲ."

ಅರವತ್ತು ದಾಟಿದವರಿಗೆ ವೀಸಾ ಸುಲಭವಿರಲಿಲ್ಲ. ಸರಕಾರಿ ಕಚೇರಿಗಳ ಕೆಲಸ ನೋಡುವ ನಮ್ಮ ಪಿಆರ್‌ಒ ಓಡಾಡಿ, ಹತ್ತು ಕಡೆ ಸ್ಟಾಂಪು ಹಾಕಿಸಿ, ಒಂದು ವರ್ಷಕ್ಕೆ ಮಾಡಿಸಿಕೊಟ್ಟ. "ಮುಂದಿನ ವರ್ಷ ಕೇಳಿದರೆ ಕೆಲಸ ಇನ್ನೂ ಬಾಕಿ ಇದೆ ಅಂತ ಗಿರಾಕಿಯ ಪತ್ರ ತೋರಿಸಬೇಕು ಸಾರ್. ಇಲ್ಲದಿದ್ದರೆ ಖಲಾಸ್," ಎಂದೂ ಹೇಳಿದ.

ಬಾಯಮ್ಮ ಕೆಲಸಕ್ಕೆ ಬಂದ ಎರಡನೆಯ ದಿನವೇ ನನ್ನ ಜೊತೆ ಜಗಳ. ಟ್ರಂಕಿನಲ್ಲಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕಗಳಿದ್ದವು. ಮೇಯರ್ ತಾನು ಕಳಿಸಿದ ಕಾಗದಗಳ ನಕಲು ಇಟ್ಟುಕೊಂಡ ಪುಸ್ತಕಗಳು. ಈರುಳ್ಳಿ ಸಿಪ್ಪೆಯಷ್ಟು ತೆಳು ಹಾಳೆ. ಅದನ್ನು ಒದ್ದೆ ಮಾಡಿ, ಆಗಷ್ಟೇ ಬರೆದ ಕಾಗದದ ಮೇಲಿಟ್ಟು, ಕಬ್ಬಿಣದ ಪ್ರೆಸ್ಸಿನಲ್ಲಿ ಒತ್ತಿದರೆ ಶಾಯಿ ಹಾಳೆಗೆ ಇಳಿಯುತ್ತಿತ್ತಂತೆ. ಅಕ್ಷರ ತಿರುವುಮುರುವು ಬೀಳುತ್ತದೆ, ಆದರೆ ಹಾಳೆ ತೆಳುವಾದ್ದರಿಂದ ಹಿಂಬದಿಯಿಂದ ನೆಟ್ಟಗೆ ಓದಬಹುದು. ನಮ್ಮ ಕಸುಬಿನಲ್ಲಿ ಹೊಲಿದ ಪುಸ್ತಕ ಬಂದರೆ ಒಂದೇ ದಾರಿ: ಕಟಿಂಗ್ ಮಷೀನಿಗೆ ಕೊಟ್ಟು ಬೆನ್ನು ಕತ್ತರಿಸುವುದು, ಬಿಡಿ ಹಾಳೆಗಳನ್ನು ಸ್ಕ್ಯಾನರಿಗೆ ಹಾಕುವುದು. ನಿಮಿಷಕ್ಕೆ ನಲವತ್ತು ಹಾಳೆ. ನಾನೇ ಕತ್ತರಿಸಲು ಹೇಳಿ ಒಳಗೆ ಹೋಗಿದ್ದೆ.

ಆಪರೇಟರನ ಕೂಗು ಕೇಳಿಸಿತು. "ಟೀಚರ್! ಹಾತ್! ಹಾತ್!"

ಓಡಿ ಬಂದು ನೋಡಿದರೆ ಬ್ಲೇಡಿನ ಕೆಳಗೆ ಪುಸ್ತಕ, ಪುಸ್ತಕದ ಮೇಲೆ ಬಾಯಮ್ಮನ ಅಂಗೈ. ಆಪರೇಟರ್ ಎರಡೂ ಕೈ ಮೇಲೆತ್ತಿ ಪೊಲೀಸರಿಗೆ ಸಿಕ್ಕವನ ಹಾಗೆ ನಿಂತಿದ್ದಾನೆ.

"ಎಂತ ಬಾಯಮ್ಮ ಇದು! ಬೆರಳು ಹೋದ್ರೆ?"

"ಬೆನ್ನು ಕಡಿದು ಓದುವ ಪುಸ್ತಕ ಉಂಟಾ ಧಣಿ? ಯಾವ ಶಾಲೆಯಲ್ಲಿ ಕಲಿಸಿದ್ದು ನಿಮಗೆ?"

"ಎಂಟು ತಿಂಗಳು ಅಂತ ಮಾತು ಕೊಟ್ಟಾಗಿದೆ."

"ಮಾತು ಕೊಟ್ಟದ್ದು ನೀವು. ಪುಸ್ತಕ ಮಾತು ಕೊಟ್ಟಿಲ್ಲ." ಕೈ ತೆಗೆಯಲಿಲ್ಲ. "ಒಂದೊಂದು ಹಾಳೆಯ ಅಡಿಗೆ ಒಂದು ಬಿಳಿ ಕಾಗದ ಇಟ್ಟು ಮೇಲಿಂದ ಫೋಟೋ ತೆಗೆಯಿರಿ. ಕೆಳಗಿನ ಹಾಳೆಯ ಅಕ್ಷರ ಇಣುಕುದಿಲ್ಲ. ಕಾಗದ ಇಡುವ ಕೆಲಸ ನಾನೇ ಮಾಡ್ತೇನೆ."

ಹಾಗೆಯೇ ಮಾಡಿದೆವು. ಸತ್ಯ ಹೇಳಬೇಕೆಂದರೆ, ಬಿಡಿ ಹಾಳೆಗಳನ್ನು ಸ್ಕ್ಯಾನರಿಗೆ ಹಾಕಿದ್ದರೆ ಅರ್ಧಕ್ಕರ್ಧ ಹರಿದು ಹೋಗುತ್ತಿದ್ದವು ಎಂದು ಆಮೇಲೆ ತಿಳಿಯಿತು. ಅವರಿಗೆ ಮಾತ್ರ ಅದನ್ನು ಹೇಳಲಿಲ್ಲ.

ಗೋದಾಮಿನ ಒಂದು ಮೂಲೆಯಲ್ಲಿ ಎಸಿಯ ಗಾಳಿ ನೇರ ಬೀಳದ ಕಡೆ ಅವರ ಮೇಜು. ಕುತ್ತಿಗೆಗೆ ಕಪ್ಪು ದಾರದಲ್ಲಿ ಕಟ್ಟಿದ ಭೂತಗನ್ನಡಿ. ಧೂಳು ಕೊಡವಲು ಅಗಲವಾದ ಮೃದು ಕೂದಲಿನ ಒಂದು ಬ್ರಷ್ಷು. ಮಧ್ಯಾಹ್ನ ಸ್ಟೀಲ್ ಟಿಫಿನ್ನಿನಲ್ಲಿ ಸಣ್ಣಕ್ಕಿ ಅನ್ನ, ಮೀನು ಸಾರು. ತಿಂದ ಮೇಲೆ ಎರಡು ಸಲ ಕೈ ತೊಳೆದು, ಬೆರಳು ಮೂಸಿ ನೋಡಿ, ಆಮೇಲೆಯೇ ಕಾಗದ ಮುಟ್ಟುವುದು. "ಮೇಯರಿಗೆ ಬಂಗುಡೆ ವಾಸನೆ ಬರಬಾರದು," ಎನ್ನುತ್ತಿದ್ದರು. ಟೈಪಿಂಗ್ ಹುಡುಗಿಯರು "ಓದಲಿಕ್ಕೆ ಆಗುದಿಲ್ಲ ಮಿಸ್" ಎಂದರೆ, "ಆಗುದಿಲ್ಲ ಅಂತ ಹೇಳ್ಬೇಡಿ. ಇನ್ನೂ ಓದಲಿಲ್ಲ ಅಂತ ಹೇಳಿ. ಅಕ್ಷರಕ್ಕೆ ಅವಸರ ಇಲ್ಲ," ಎನ್ನುತ್ತಿದ್ದರು.

ಬರಬರುತ್ತಾ ನಾನೂ ಸಂಜೆಯ ಚಹಾ ಹಿಡಿದು ಆ ಮೇಜಿಗೆ ಹೋಗುವುದು ರೂಢಿಯಾಯಿತು. "ಇವತ್ತು ನಿಮ್ಮ ಮೇಯರ್ ಎಂತ ಮಾಡಿದ?" ಎಂದು ಕೇಳುತ್ತಿದ್ದೆ. ವ್ಯಾಪಾರಿಯಾಗಿ ನನಗೆ ಆತ ಇಷ್ಟವಾದ. ಚರಂಡಿ ಪೈಪಿನ ಗುತ್ತಿಗೆದಾರ ಒಂದು ಪೀಪಾಯಿ ಸೇಬು ಕಳಿಸಿದರೆ, ಆತ ಅದನ್ನು ಅನಾಥಾಲಯಕ್ಕೆ ಕಳಿಸಿ, 'ನಿಮ್ಮ ಸೇಬು ತಿಂದ ಮಕ್ಕಳು ನಿಮಗೆ ವಂದನೆ ಹೇಳಿದ್ದಾರೆ, ಪೈಪಿನ ದಪ್ಪ ಮಾತ್ರ ಕರಾರಿನಲ್ಲಿ ಇದ್ದಷ್ಟೇ ಇರಲಿ' ಎಂದು ಬರೆದಿದ್ದ. ಸೇಬನ್ನೂ ವಾಪಸ್ ಕಳಿಸಲಿಲ್ಲ, ಪೈಪನ್ನೂ ಬಿಡಲಿಲ್ಲ. ಅಂಥವನ ಕೈಕೆಳಗೆ ಎರಡು ವರ್ಷ ಇದ್ದರೆ ಎಷ್ಟು ಕಲಿಯಬಹುದಿತ್ತು ಎನ್ನಿಸಿತು.

ಆತನ ಇನ್ನೊಂದು ಕ್ರಮವನ್ನು ತೋರಿಸಿಕೊಟ್ಟವರೂ ಬಾಯಮ್ಮನೇ. ಬಂದ ಪ್ರತಿ ಕಾಗದವನ್ನು ಓದಿದ ಮೇಲೆ ಆತ ಉದ್ದಕ್ಕೆ ಮಡಚಿ, ಬೆನ್ನ ಮೇಲೆ ಮೂರು ಸಾಲು ಬರೆದಿಡುತ್ತಿದ್ದ. ಮೊದಲ ಸಾಲು, ಯಾರಿಂದ. ಎರಡನೆಯದು, ಬಂದ ದಿನ. ಮೂರನೆಯದು, ಉತ್ತರಿಸಿದ ದಿನ. ವಿಧವೆಯ ಕಾಗದವಾಗಲಿ, ಬ್ಯಾಂಕಿನದಾಗಲಿ, ಮೂರನೆಯ ಸಾಲು ಎರಡು ದಿನದೊಳಗೆ ತುಂಬಿರುತ್ತಿತ್ತು. ಕಾಗದಗಳನ್ನು ಕಟ್ಟಿ ಇಟ್ಟಾಗ ಬಿಚ್ಚದೆಯೇ ಎಲ್ಲ ತಿಳಿಯುತ್ತಿತ್ತು. ನಾನು ಮರುದಿನವೇ ಆಫೀಸಿನಲ್ಲಿ ಈ ಕ್ರಮ ತಂದೆ. ನೀವೂ ಮಾಡಿ ನೋಡಿ.

ಐದನೆಯ ತಿಂಗಳಲ್ಲಿ ಅಮೆರಿಕನ್ ಮೇಡಂ ನೋಡಲು ಬಂದರು. ವ್ಯವಹಾರದ್ದು ಒಂದು ರಾಶಿ, ಮನೆಯವರದ್ದು ಒಂದು ರಾಶಿ ಇರಬೇಕಿತ್ತು. ಮೇಜಿನ ಮೇಲೆ ಇದ್ದದ್ದು ಒಂದೇ ರಾಶಿ. ನಾನು ಬೆವರಿದೆ. ಕರಾರಿನಲ್ಲಿ ಬರೆದದ್ದಲ್ಲವೇ?

ಬಾಯಮ್ಮ ಒಂದು ಕಾಗದ ಎತ್ತಿ ಮೇಡಂ ಕೈಗೆ ಕೊಟ್ಟರು. ಮೇಯರನ ತಂಗಿಯದು, ಇನ್ನೊಂದು ಊರಿನಿಂದ ಬರೆದದ್ದು. 'ನೀನು ನೆಟ್ಟ ಪೇರ್ ಮರ ಈ ವರ್ಷ ಮೊದಲ ಸಲ ಕಾಯಿ ಬಿಟ್ಟಿದೆ, ನೋಡಲು ಯಾವಾಗ ಬರುತ್ತೀ' ಎಂದಷ್ಟೇ. ತಿರುಗಿಸಿದರೆ ಬೆನ್ನ ಮೇಲೆ ಮೊದಲ ಸಾಲು ಇತ್ತು, ಎರಡನೆಯದು ಇತ್ತು. ಮೂರನೆಯ ಸಾಲಿನಲ್ಲಿ 'ಉತ್ತರಿಸಿದ್ದು' ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದ. ಅದರ ಕೆಳಗಿನ ಕಾಗದ ತಂಗಿಯ ಗಂಡನದು. ಸುತ್ತಲೂ ಕಪ್ಪು ಅಂಚು. ಆ ಕಾಲದಲ್ಲಿ ಸಾವಿನ ಸುದ್ದಿ ಬರೆಯುತ್ತಿದ್ದುದು ಅಂಥ ಕಾಗದದಲ್ಲಿ.

"ಪಾಪ, ಅವನಿಗೆ ಪುರುಸೊತ್ತಿರಲಿಲ್ಲವೋ ಏನೋ," ಎಂದೆ.

ಬಾಯಮ್ಮ ನಕಲು ಪುಸ್ತಕ ತೆರೆದು, ಬಿಳಿ ಕಾಗದ ಅಡಿಗಿಟ್ಟು ತೋರಿಸಿದರು. "ತಂಗಿಯ ಕಾಗದ ಬಂದ ದಿನ ಪೈಪಿನವನಿಗೆ ಮೂರು ಪುಟ ಬರೆದಿದ್ದಾನೆ ಧಣಿ. ಮರುದಿನ ಮರದ ಮಿಲ್ಲಿಗೆ ಎರಡು ಪುಟ."

ಆಮೇಲೆ ಮೇಡಂ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಕ್ಲಾಸಿನಲ್ಲಿ ಹೇಳುವ ನಿಧಾನದಿಂದ ಹೇಳಿದರು. ಅದರ ತಾತ್ಪರ್ಯ ನನಗೆ ಈಗಲೂ ನೆನಪಿದೆ. ಬೇರೆ ಮಾಡಿದರೆ ಒಂದು ರಾಶಿಯಲ್ಲಿ ನಿಮಗೆ ಒಳ್ಳೆಯ ಮೇಯರ್ ಸಿಗುತ್ತಾನೆ, ಇನ್ನೊಂದು ರಾಶಿಯಲ್ಲಿ ಪ್ರೀತಿಯ ಅಣ್ಣ ಸಿಗುತ್ತಾನೆ. ಮನುಷ್ಯ ಮಾತ್ರ ಎರಡರಲ್ಲೂ ಸಿಗುವುದಿಲ್ಲ.

ಮೇಡಂ ಕರಾರಿನ ಕಾಗದ ಹೊರತೆಗೆದರು. ಕಾಗದಗಳನ್ನು ಬೇರೆ ಮಾಡಬೇಕೆಂಬ ಸಾಲನ್ನು ಅಲ್ಲೇ ಹೊಡೆದು ಹಾಕಿ ಸಹಿ ಮಾಡಿದರು. ಒಟ್ಟಿಗೇ ಇರಲಿ, ಒಟ್ಟಿಗೇ ಗ್ರಂಥಾಲಯಕ್ಕೆ ಹೋಗಲಿ. ಹೊರಡುವಾಗ ಒಂದು ಬೇಡಿಕೆ ಇಟ್ಟರು. ತಾಯಿಗೆ ಇತ್ತೀಚೆಗೆ ಹುಷಾರಿಲ್ಲ. ಟೈಪ್ ಆದ ಪುಟಗಳನ್ನು ವಾರ ವಾರ ಇಮೇಲಿನಲ್ಲಿ ಕಳಿಸಿದರೆ ಫೋನಿನಲ್ಲಿ ಓದಿ ಹೇಳುತ್ತೇನೆ ಎಂದು.

ಅಂದಿನಿಂದ ಬಾಯಮ್ಮನ ವೇಗ ಹೆಚ್ಚಿತು. ಗುರುವಾರ ಮಧ್ಯಾಹ್ನ ಪುಟಗಳು ಹೋಗಲೇಬೇಕು. ಇಲ್ಲಿನ ಶುಕ್ರವಾರ ಶನಿವಾರದ ರಜೆ ಕಳೆದು ಭಾನುವಾರ ಕೆಲಸಕ್ಕೆ ಬಂದ ಕೂಡಲೇ ಮೇಡಂ ಬರೆದ ಉತ್ತರ ನೋಡುವುದು. 'ವಿಧವೆಗೆ ದೀಪ ಸಿಕ್ಕಿತಾ ಎಂದು ಅಮ್ಮ ಕೇಳುತ್ತಿದ್ದಾಳೆ.' ಬಾಯಮ್ಮ ಮೂರು ದಿನ ಹುಡುಕಿ, ದೀಪ ಹಾಕಿಸಿದ ಬಿಲ್ಲು ಕಂಡುಹಿಡಿದರು. ಗೆದ್ದವರ ಹಾಗೆ ಗೋದಾಮಿನ ತುಂಬ, "ದೀಪ ಬಂತು! ದೀಪ ಬಂತು!" ಎಂದು ಹೇಳಿಕೊಂಡು ಬಂದರು. ಫೋರ್ಕ್‌ಲಿಫ್ಟಿನವನು ತಲೆಯೆತ್ತಿ ಮೇಲಿನ ಟ್ಯೂಬ್‌ಲೈಟು ನೋಡಿದ.

ಏಳನೆಯ ತಿಂಗಳಲ್ಲಿ ಎರಡು ಟ್ರಂಕು ಮುಗಿದು ಮೂರನೆಯದರ ತಳ ಕಾಣತೊಡಗಿತು. ಪಿಆರ್‌ಒ ಹೇಳಿದ ಮಾತು ನನ್ನ ತಲೆಯಲ್ಲಿತ್ತು. ಒಂದು ಗುರುವಾರ ನಾನೂ ಅದೇ ವ್ಯಾನಿನಲ್ಲಿ ಹೊರಟೆ. ಜಬಲ್ ಅಲಿಯಲ್ಲಿ ಇಳಿದು ಅವರ ಹಿಂದೆಯೇ ಹೋದೆ. ಸಾಲು ಸಾಲು ಗೋರಿ, ಸುತ್ತ ಗೋಡೆ, ಆಚೆ ಕಾರ್ಖಾನೆಗಳು. ಬಾಯಮ್ಮ ಬ್ಯಾಗಿನಿಂದ ಅದೇ ಮೃದು ಬ್ರಷ್ಷು ತೆಗೆದು, ಮೊಣಕಾಲೂರಿ, ಕಲ್ಲಿನ ಮೇಲಿನ ಹೆಸರಿನ ಒಂದೊಂದು ಅಕ್ಷರದಿಂದ ಮರಳು ತೆಗೆದರು. ಮೇಯರನ ಕಾಗದಕ್ಕೆ ಹೇಗೋ ಹಾಗೆ.

"ಬಾಯಮ್ಮ, ಒಂದು ಮಾತು," ಎಂದೆ. "ಕೆಲಸ ಸ್ವಲ್ಪ ನಿಧಾನ ಮಾಡಿ. ದಿನಕ್ಕೆ ಹತ್ತು ಪುಟ ಮಾಡುವಲ್ಲಿ ನಾಲ್ಕು ಮಾಡಿ. ಮೇಡಂ ಎಂತ ಹೇಳುದಿಲ್ಲ, ಅಂಥ ಜನ ಅಲ್ಲ. ಕೆಲಸ ಬಾಕಿ ಉಂಟು ಅಂತ ಒಂದು ಪತ್ರ ತೆಗೆದುಕೊಂಡರೆ ಇನ್ನೊಂದು ವರ್ಷ ವೀಸಾ ಆಗ್ತದೆ. ಯಾರಿಗೂ ನಷ್ಟ ಇಲ್ಲ."

ಅವರು ಬ್ರಷ್ಷು ನಿಲ್ಲಿಸಲಿಲ್ಲ.

"ಆ ಅಜ್ಜಿಗೆ?" ಎಂದರು.

ಬ್ರಷ್ಷು ಮುಂದಿನ ಅಕ್ಷರಕ್ಕೆ ಹೋಯಿತು.

"ಅವರು ಪ್ರತಿ ವಾರ ಕಾಯ್ತಾರೆ ಧಣಿ. ಮೂರನೆಯ ಟ್ರಂಕಿನಲ್ಲಿ ಅವರ ಅಜ್ಜ ಹುಟ್ಟಿದ ಸುದ್ದಿ ಉಂಟು. ಇನ್ನೂ ಕಳಿಸ್ಲಿಕ್ಕಾಗಲಿಲ್ಲ. ನನ್ನ ವೀಸಾಕ್ಕೋಸ್ಕರ ತೊಂಬತ್ತು ವರ್ಷದವರನ್ನು ಕಾಯಿಸುದಾ? ಅಷ್ಟರಲ್ಲಿ ಅವರು ಹೋದ್ರೆ ಇವರ ಮುಂದೆ ಬಂದು ಕೂತ್ಕೊಳ್ಳುವ ಮುಖ ನನಗೆ ಉಂಟಾ?" ಗೋರಿಯ ಕಡೆ ತೋರಿಸಿದರು.

"ಹಾಗಾದ್ರೆ ನೀವು ಹೋಗಬೇಕಾಗ್ತದೆ."

"ಸತ್ತವರಿಗೆ ವೀಸಾ ಬೇಡ. ಬದುಕಿದವರಿಗೆ ಬೇಕು. ನಾನು ಇವರಿಗೆ ಹೇಳಿಯಾಗಿದೆ." ಎದ್ದು ಮೊಣಕಾಲಿನ ಮರಳು ಕೊಡವಿದರು. "ಮತ್ತೆ ನೀವು, ನಿಧಾನ ಮಾಡ್ಲಿಕ್ಕೆ ಹೇಳುವ ಧಣಿಯನ್ನು ನಾನು ಈಗಲೇ ನೋಡಿದ್ದು. ನಿಮ್ಮ ಕಂಪನಿ ಹೇಗೆ ನಡೀತದೆ ಮಾರಾಯ್ರೆ?"

ಜೀವನದಲ್ಲಿ ಸಾವಿರ ಚೌಕಾಸಿ ಮಾಡಿದ್ದೇನೆ. ಅಂದು ಸೋತ ಹಾಗೆ ಎಲ್ಲಿಯೂ ಸೋತಿಲ್ಲ.

ಎಂಟು ತಿಂಗಳು ತುಂಬಲು ಹತ್ತು ದಿನ ಇರುವಾಗಲೇ ಕೊನೆಯ ಪುಟ ಹೋಯಿತು. ಅಜ್ಜ ಹುಟ್ಟಿದ ಸುದ್ದಿ ಕೇಳಿ ಅಜ್ಜಿ ನಕ್ಕರಂತೆ. ಅದನ್ನೇ ಎರಡು ಸಲ ಓದಿಸಿದರಂತೆ. ಅದಾಗಿ ಮೂರು ವಾರಕ್ಕೆ ಅವರು ತೀರಿಕೊಂಡರು. ಆ ಸುದ್ದಿ ತಿಳಿಸಿ ಮೇಡಂ ಬರೆದ ಇಮೇಲನ್ನು ಬಾಯಮ್ಮ ಪ್ರಿಂಟ್ ಹಾಕಿಸಿಕೊಂಡು, ಮಡಚಿ, ಬೆನ್ನ ಮೇಲೆ ಮೂರು ಸಾಲು ಬರೆದು, ಮೂರನೆಯದನ್ನು ಅದೇ ದಿನ ತುಂಬಿಸಿದರು.

ವೀಸಾದಲ್ಲಿ ಉಳಿದ ನಾಲ್ಕು ತಿಂಗಳು ನಾನು ಬಿಡಲಿಲ್ಲ. ಸುಮ್ಮನೆ ಕೂರಲು ಅವರು ಒಪ್ಪಲಿಲ್ಲ. ನಮ್ಮ ಟೈಪಿಂಗ್ ಹುಡುಗಿಯರಿಗೆ ಹಳೆಯ ಕೈಬರಹ ಓದಲು ಕಲಿಸಿದರು. ಇಂದು ನಮ್ಮ ಕಂಪನಿಗೆ ಬೇರೆ ಬೇರೆ ದೇಶಗಳಿಂದ ಹಳೆಯ ಕಾಗದಗಳ ಕೆಲಸ ಬರುತ್ತದೆಂದರೆ ಅದು ಆ ನಾಲ್ಕು ತಿಂಗಳ ಪಾಠದಿಂದ. ನವೀಕರಣಕ್ಕೆ ಅರ್ಜಿ ಹಾಕಿದೆವು, ಇದ್ದದ್ದನ್ನು ಇದ್ದ ಹಾಗೆ ಬರೆದು. ಆಗಲಿಲ್ಲ.

ಕೊನೆಯ ಗುರುವಾರ ಅವರು ಬ್ರಷ್ಷನ್ನು ನನ್ನ ಕೈಗೆ ಕೊಟ್ಟರು.

"ತಿಂಗಳಿಗೆ ಒಂದು ಸಲ ಸಾಕು. ಬಂದ ಮೇಲೆ ನನಗೆ ಬರೆಯಿರಿ."

"ವಾಟ್ಸಾಪ್ ಮಾಡ್ತೇನೆ. ಫೋಟೋ ಸಹಿತ. ಕೂಡಲೇ ಸಿಗ್ತದೆ."

"ಬೇಡ. ಕಾಗದ ಬರೆಯಿರಿ."

"ಈ ಕಾಲದಲ್ಲಿ ಎಂತದು ಬಾಯಮ್ಮ?"

"ವಾಟ್ಸಾಪಿಗೆ ಬೆನ್ನು ಎಲ್ಲಿ ಉಂಟು ಧಣಿ? ಮೂರು ಸಾಲು ಎಲ್ಲಿ ಬರೆಯುದು?"

ಹಾಗೆ ಶುರುವಾಯಿತು. ಮಂಗಳೂರಿನಲ್ಲಿ ತಮ್ಮನ ಮಗಳ ಮನೆಯಲ್ಲಿ ಅವರು. ಇಲ್ಲಿ ನಾನು. ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಒಂದು ಪುಟ ಬರೆದವನಲ್ಲ. ಮೊದಲ ಕಾಗದದಲ್ಲಿ, 'ಗೋರಿ ಸ್ವಚ್ಛ ಮಾಡಿದೆ, ಎಲ್ಲ ಸರಿ ಇದೆ' ಎಂದು ಒಂದು ಸಾಲು ಬರೆದೆ. 'ಇದು ಕಾಗದವೋ, ಡೆಲಿವರಿ ನೋಟೋ?' ಎಂದು ಉತ್ತರ ಬಂತು. ಆಮೇಲೆ ಬರೆಯಲು ಕಲಿತೆ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಪಕ್ಕದ ಗೋರಿಗೆ ಯಾರು ಹೂ ತಂದಿದ್ದರು, ಮಗಳ ಕೈಬರಹ ಈಗ ಹೇಗಿದೆ. ನನ್ನ ಹೆಂಡತಿಗೂ ಹೇಳದ ಕೆಲವು ಚಿಂತೆಗಳನ್ನು ಆ ಕಾಗದಗಳಲ್ಲಿ ಬರೆದಿದ್ದೇನೆ. ಅವರ ಉತ್ತರ ಕಂಪನಿಯ ಪೋಸ್ಟ್ ಬಾಕ್ಸಿಗೆ ಬರುತ್ತಿತ್ತು, ಬ್ಯಾಂಕಿನ ಲಕೋಟೆಗಳ ನಡುವೆ, ನೀಲಿ ಶಾಯಿಯಲ್ಲಿ. ಓದಿ, ಉದ್ದಕ್ಕೆ ಮಡಚಿ, ಮೂರು ಸಾಲು ಬರೆದು ಕಟ್ಟಿಡುತ್ತಿದ್ದೆ. ಮೂರು ವರ್ಷ ನಡೆಯಿತು.

ಮೂರನೆಯ ವರ್ಷದ ಕೊನೆಗೆ ಬರೆದ ಒಂದು ಕಾಗದದಲ್ಲಿ, ಕಲ್ಲಿನ ಮೇಲಿನ ಹೆಸರಿನಲ್ಲಿ ಕೊನೆಯ ಅಕ್ಷರದ ಕಪ್ಪು ಬಣ್ಣ ಹೋಗಿದೆ ಎಂದು ತಿಳಿಸಿದ್ದೆ. ಅವರ ಉತ್ತರ ಬಂತು. 'ಧಣಿ, ಆ ಅಕ್ಷರಕ್ಕೆ ಬಣ್ಣ ತುಂಬಿಸಲಿಕ್ಕೆ ಆಗುವುದೋ ನೋಡಿ ತಿಳಿಸಿ. ಪೇಂಟರ್ ಯಾಕೆ, ನಿಮ್ಮ ಕೈ ಈಗ ತಿದ್ದಿದೆ. ಅಕ್ಷರಕ್ಕೆ ಅವಸರ ಇಲ್ಲ.' ಓದಿದೆ. ಮಡಚಿದೆ. ಮೊದಲ ಸಾಲು ಬರೆದೆ, ಎರಡನೆಯದು ಬರೆದೆ. ಬಣ್ಣ ಹಚ್ಚಿದ ಮೇಲೆ ಬರೆಯೋಣ ಎಂದು ಮೇಜಿನ ಡ್ರಾಯರಿನಲ್ಲಿ ಇಟ್ಟೆ.

ಹನ್ನೊಂದು ದಿನ ಅದು ಡ್ರಾಯರಿನಲ್ಲಿತ್ತು. ಹನ್ನೆರಡನೆಯ ದಿನ ಬೆಳಿಗ್ಗೆ ಅವರ ತಮ್ಮನ ಮಗಳ ಫೋನು. ಚರ್ಚಿನ ಪೂಜೆಗೆಂದು ಹೊರಟವರು ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳಲು ಕೂತರಂತೆ, ಏಳಲಿಲ್ಲವಂತೆ. "ನಿಮ್ಮ ಕಾಗದ ಬಂತಾ ಅಂತ ಎರಡು ಮೂರು ಸಲ ಕೇಳಿದ್ರು ಅಂಕಲ್. ಪೋಸ್ಟ್ ತಡ ಆಗಿರ್ಬೇಕು ಅಂತ ನಾನು ಹೇಳಿದೆ."

ಪೋಸ್ಟ್ ತಡ ಆಗಿರಲಿಲ್ಲ. ಆ ವಾರ ನಾನು ಹೊಸ ಗೋದಾಮಿನ ಬಾಡಿಗೆಯ ವಿಷಯದಲ್ಲಿ ಅದರ ಮಾಲೀಕನಿಗೆ ಇಮೇಲು ಬರೆದಿದ್ದೆ. ಆಮೇಲೆ ತೆಗೆದು ನೋಡಿದೆ. ಮೂರು ಪುಟ ಇತ್ತು.

ಆ ಗುರುವಾರ ಒಂದು ಸಣ್ಣ ಡಬ್ಬ ಕಪ್ಪು ಬಣ್ಣ, ಒಂದು ತೆಳು ಕುಂಚ ಹಿಡಿದು ಜಬಲ್ ಅಲಿಗೆ ಹೋದೆ. ಅವರ ಬ್ರಷ್ಷಿನಿಂದ ಮರಳು ತೆಗೆದೆ. ಕಲ್ಲಿನ ಮೇಲೆ ಕೈ ಊರಿ, ಉಸಿರು ಬಿಗಿಹಿಡಿದು, ಕೊನೆಯ ಅಕ್ಷರಕ್ಕೆ ಬಣ್ಣ ತುಂಬಿದೆ. ಬಣ್ಣ ಗೆರೆಯಿಂದ ಆಚೆ ಹೋಗಲಿಲ್ಲ. ಬಣ್ಣ ಒಣಗುವವರೆಗೆ ಮರಳು ಹಾರಿ ಬೀಳಬಾರದೆಂದು ಬೆನ್ನು ಗಾಳಿಗೆ ಕೊಟ್ಟು, ಅಡ್ಡವಾಗಿ ಕೂತೆ. "ಬಾಯಮ್ಮ ಹೇಳಿದ ಕೆಲಸ ಆಯಿತು," ಎಂದು ಅವರ ಗಂಡನಿಗೆ ಹೇಳಿದೆ. ಬೇರೆ ಯಾರಿಗೆ ಹೇಳುವುದು?

ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ. ಕಂಪನಿಯಲ್ಲಿ ಬಂದ ಕಾಗದಕ್ಕೆ ಎರಡು ದಿನದೊಳಗೆ ಉತ್ತರ ಹೋಗಬೇಕು, ಯಾರದೇ ಇರಲಿ. ಮನೆಯಿಂದ ಬಂದದ್ದಕ್ಕೆ ಅದೇ ದಿನ. ಹೊಸಬರು ಕಾರಣ ಕೇಳಿದರೆ ಡ್ರಾಯರಿನಿಂದ ಒಂದು ಕಾಗದ ತೆಗೆದು ಅದರ ಬೆನ್ನು ತೋರಿಸುತ್ತೇನೆ. ಮೊದಲ ಸಾಲಿನಲ್ಲಿ, ಬಾಯಮ್ಮನಿಂದ. ಎರಡನೆಯದರಲ್ಲಿ, ಬಂದ ದಿನ. ಮೂರನೆಯದರಲ್ಲಿ 'ಉತ್ತರಿಸಿದ್ದು' ಎಂದು ಆ ಗುರುವಾರ ಸ್ಮಶಾನದಿಂದ ಬಂದ ಮೇಲೆ ಬರೆದೆ. ಮುಂದೆ ಖಾಲಿ ಬಿಟ್ಟೆ.